ಹಾಫ್ ಟೂ ಅಂದರೆ ಎಷ್ಟು ಗಂಟೆ?

ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಏಳು ಗಂಟೆ ಎರಡು ಸಲ ಆಗುತ್ತದೆ. ಮೊದಲನೆಯದು ಸ್ವೀಡನ್ನಿನ ಏಳು. ಆಗ ನನ್ನ ಹೆಂಡತಿ ಶೈಲಾ ಒಂದು ಕೈಯಲ್ಲಿ ಕಾಫಿ ಹಿಡಿದುಕೊಂಡು ಮಗಳು ಅನನ್ಯಾಳನ್ನು "ಏಳು, ಏಳು" ಎಂದು ಎಬ್ಬಿಸುತ್ತಿರುತ್ತಾಳೆ. ಎರಡನೆಯದು ಬ್ರಿಟನ್ನಿನ ಏಳು. ಅದು ಒಂದು ತಾಸು ತಡವಾಗಿ, ಅಡುಗೆಮನೆಯ ಕಿಟಕಿಯಲ್ಲಿ ಕೂತ ರೇಡಿಯೋದಿಂದ ಪಿಪ್ ಪಿಪ್ ಎಂದು ಬರುತ್ತದೆ. ಅಷ್ಟು ಹೊತ್ತಿಗೆ ತಾಯಿ ಮಗಳು ಇಬ್ಬರೂ ಹೊರಟುಹೋಗಿ, ಮನೆಯಲ್ಲಿ ನಾನು, ತೊಳೆಯದ ಪಾತ್ರೆಗಳು ಮತ್ತು ಇಂಗ್ಲಿಷರು ಮಾತ್ರ ಉಳಿದಿರುತ್ತೇವೆ.

ನಾನು ಈ ಲುಲೆಯೊ ಊರಿಗೆ ಹೆಂಡತಿಯ ಜೊತೆ ಬಂದವನು. ವಿನಯಕ್ಕೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಸರ್ಕಾರಿ ಕಾಗದದಲ್ಲಿ ನನ್ನ ಹುದ್ದೆಯೇ ಅದು: ಜೊತೆಗೆ ಬಂದವ. ಶೈಲಾ ಇಲ್ಲಿಯ ಒಂದು ದೊಡ್ಡ ಡೇಟಾ ಸೆಂಟರಿನಲ್ಲಿ ಇಂಜಿನಿಯರು. ನಾನು ಗದಗಿನ ಒಂದು ಪಿಯು ಕಾಲೇಜಿನಲ್ಲಿ ಹದಿನೆಂಟು ವರ್ಷ ಇಂಗ್ಲಿಷ್ ಕಲಿಸಿದವನು. ಅಲ್ಲಿ ಪೇಟೆಗೆ ಕೊತ್ತಂಬರಿ ತರಲು ಹೋದರೂ ನಾಲ್ಕು ಕಡೆಯಿಂದ "ನಮಸ್ಕಾರ್ರೀ ಸರ್ರ" ಬೀಳುತ್ತಿತ್ತು. ಇಲ್ಲಿ ಬಂದು ಮೂರು ವರ್ಷವಾಯಿತು, ಯಾರೂ ನನ್ನನ್ನು ಸರ್ರ ಅಂದಿಲ್ಲ. ಸ್ವೀಡನ್ನಿನವರು ತಮ್ಮ ಪ್ರಧಾನಿಯನ್ನೇ ಹೆಸರು ಹಿಡಿದು ಕರೆಯುತ್ತಾರಂತೆ, ನನ್ನದೇನು ಮಹಾ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆದರೆ ನಿಜ ಹೇಳುತ್ತೇನೆ: ಮೇಷ್ಟರಿಗೆ ಸಂಬಳವಿಲ್ಲದೆ ಬದುಕಲು ಬರುತ್ತದೆ, ಎದುರಿಗೆ ಒಬ್ಬರಾದರೂ ಕೂತು ಕೇಳದಿದ್ದರೆ ಬರುವುದಿಲ್ಲ.

ಕೇಳುವವರಿಲ್ಲದ ಮೇಲೆ ನಾನೇ ಕೇಳುವವನಾದೆ. ಇಲ್ಲಿಯ ಹಳೆ ಸಾಮಾನಿನ ಸಂತೆಯಲ್ಲಿ ಒಂದು ರೇಡಿಯೋ ಸಿಕ್ಕಿತು. ಮನೆಯ ಇಂಟರ್ನೆಟ್ಟಿಗೆ ಜೋಡಿಸಿದರೆ ಜಗತ್ತಿನ ಯಾವ ನಿಲಯವನ್ನಾದರೂ ಹಿಡಿಯುತ್ತದೆ. ನಾನು ಹಿಡಿದದ್ದು ಇಂಗ್ಲಿಷರ ಮಾತಿನ ರೇಡಿಯೋ. ಅದರಲ್ಲಿ ಹಾಡಿಲ್ಲ, ಜಾಹೀರಾತಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಬರೀ ಮಾತು. ಹದಿನೆಂಟು ವರ್ಷ ಇಂಗ್ಲಿಷ್ ಕಲಿಸಿದವನಿಗೆ ಒಬ್ಬ ಇಂಗ್ಲಿಷಿನವನ ಜೊತೆಯೂ ಮಾತಾಡಿದ ಅನುಭವವಿರಲಿಲ್ಲ. ಈಗ ಇಡೀ ದೇಶವೇ ನಮ್ಮ ಅಡುಗೆಮನೆಗೆ ಬಂದು ಕೂತಿತ್ತು. ಶೈಲಾ ಮಾತ್ರ ಒಂದು ವಾರ ಕೇಳಿ, "ರೀ, ಇದೇನಿದು, ದಿನಪೂರ್ತಿ ಆಫೀಸ್ ಮೀಟಿಂಗ್ ಕೇಳ್ದಂಗೆ ಆಗತ್ತೆ" ಎಂದಳು.

ಮೀಟಿಂಗ್ ಅಂತೆ! ಅದರ ದಿನಚರಿಯನ್ನೊಮ್ಮೆ ನೋಡಿ. ಬೆಳಗಿನ ಜಾವಕ್ಕೆ ಹಡಗಿನವರಿಗೆ ಹವಾಮಾನ. ಸಮುದ್ರವನ್ನು ನಮ್ಮ ತಾಲ್ಲೂಕುಗಳ ಹಾಗೆ ತುಂಡು ತುಂಡು ಮಾಡಿ ಹೆಸರಿಟ್ಟಿದ್ದಾರೆ. ಒಬ್ಬ ಹೆಣ್ಣುಮಗಳು ಯಾವ ತುಂಡಿನಲ್ಲಿ ಗಾಳಿ ಎಷ್ಟು, ಎಲ್ಲಿ ಮಳೆ, ಎಲ್ಲಿ ಮಂಜು ಎಂದು ಮಂತ್ರ ಹೇಳಿದ ಹಾಗೆ ಓದುತ್ತಾಳೆ. ನಾನಿರುವ ಊರಿನಲ್ಲಿ ಸಮುದ್ರ ಮೇ ತಿಂಗಳವರೆಗೂ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ಜನ ಅದರ ಮೇಲೆ ನಾಯಿ ಕರೆದುಕೊಂಡು ವಾಕಿಂಗ್ ಹೋಗುತ್ತಾರೆ. ಹುಟ್ಟಿದ ಊರಿನಲ್ಲಂತೂ ಕೆರೆ ಬಿಟ್ಟರೆ ಬೇರೆ ನೀರೇ ನೋಡಿದವನಲ್ಲ. ಆದರೂ ದಿನಾ ಬೆಳಿಗ್ಗೆ ಚಹಾ ಕುದಿಸುತ್ತಾ, ಯಾವುದೋ ಸಮುದ್ರದ ಯಾವುದೋ ಮೂಲೆಯಲ್ಲಿ ಬಿರುಗಾಳಿ ಎಂದರೆ "ಅಯ್ಯೋ ಪಾಪ" ಎನ್ನುತ್ತೇನೆ.

ಆಮೇಲೆ ರೈತರ ಸುದ್ದಿ. ಕುರಿಗಳ ಗೊರಸಿನ ರೋಗದ ಬಗ್ಗೆ ನಾನೀಗ ಹತ್ತು ನಿಮಿಷ ಭಾಷಣ ಮಾಡಬಲ್ಲೆ. ಅದಾದ ಮೇಲೆ ವಾರ್ತೆ, ಮಂತ್ರಿಗಳ ಜೊತೆ ಜಗಳ. ಪ್ರಶ್ನೆ ಕೇಳುವವರು ಮಂತ್ರಿಗೆ ಒಂದು ವಾಕ್ಯವನ್ನೂ ಪೂರ್ತಿ ಮಾಡಲು ಬಿಡುವುದಿಲ್ಲ, ಮಂತ್ರಿಯೂ ಕೇಳಿದ ಪ್ರಶ್ನೆಯನ್ನು ಬಿಟ್ಟು ಮಿಕ್ಕೆಲ್ಲದಕ್ಕೂ ಉತ್ತರ ಕೊಡುತ್ತಾನೆ. ಆದರೆ ಬಯ್ಗುಳವೆಲ್ಲ ಶಾಲು ಹೊದಿಸಿಯೇ. "ತಮ್ಮ ಬಗ್ಗೆ ಪೂರ್ಣ ಗೌರವವಿಟ್ಟುಕೊಂಡು" ಎಂದು ಶುರುವಾದರೆ ಮುಂದೆ ಬರುವುದು ಏಟೇ. ಈ ವಿದ್ಯೆಯನ್ನು ನಾನು ಕಲಿತು ಮನೆಯಲ್ಲಿ ಒಂದು ಸಲ ಪ್ರಯೋಗಿಸಿದೆ. "ನಿನ್ನ ಬಗ್ಗೆ ಪೂರ್ಣ ಗೌರವವಿಟ್ಟುಕೊಂಡು, ಈ ಸಾರಿಗೆ ಉಪ್ಪು ಹಾಕಿದ್ದೀಯಾ?" ಎಂದು ಶೈಲಾಳನ್ನು ಕೇಳಿದೆ. ಆ ವಾರ ಸಾರನ್ನೂ ನಾನೇ ಮಾಡಬೇಕಾಯಿತು.

ಹತ್ತು ಗಂಟೆಗೆ, ಅಂದರೆ ಅವರ ಒಂಬತ್ತಕ್ಕೆ, ಮೂವರು ಪ್ರಾಧ್ಯಾಪಕರು ಕೂತು ಯಾರಿಗೂ ಬೇಡವಾದ ಒಂದು ವಿಷಯವನ್ನು ಮುಕ್ಕಾಲು ತಾಸು ಅರೆಯುತ್ತಾರೆ. ಪಾಚಿಯ ಚರಿತ್ರೆ, ಬೀಗದ ಚರಿತ್ರೆ, ಹೀಗೆ. ನಾನು ಪಾತ್ರೆ ತೊಳೆಯುವುದು ಆಗಲೇ. ಜ್ಞಾನ ಮತ್ತು ಪಾತ್ರೆ ಎರಡೂ ಒಟ್ಟಿಗೆ ಬೆಳಗುತ್ತವೆ. ಆಮೇಲೆ ಹೆಂಗಸರ ಮಾತುಕತೆ. ಕೇಳುವುದು ಸರಿಯೋ ತಪ್ಪೋ ಎಂದು ಮೊದಮೊದಲು ಸಂಕೋಚವಾಗುತ್ತಿತ್ತು. ಈಗ ಬಟ್ಟೆ ಮಡಿಸುತ್ತಾ "ಹೂಂ, ಹೌದು ಬಿಡ್ರಿ" ಎಂದು ದನಿಗೂಡಿಸುತ್ತೇನೆ. ಮಧ್ಯಾಹ್ನ ನಾಟಕ. ಬಾಗಿಲು ಕಿರುಗುಟ್ಟಿತು ಅಂದರೆ ಕೊಲೆ, ಚಹಾದ ಕಪ್ಪು-ಬಸಿಯ ಸದ್ದು ಬಂದರೆ ಸಂಸಾರ. ಸಂಜೆಗೆ ಒಂದು ಹಳ್ಳಿಯ ಧಾರಾವಾಹಿ, ನಾನು ಹುಟ್ಟುವುದಕ್ಕೆ ಮೊದಲೇ ಶುರುವಾದದ್ದು, ಮುಗಿಯುವುದನ್ನು ನೋಡಲು ನಾನಿರುವುದಿಲ್ಲ. ಕೆಲವು ದಿನ ತೋಟಗಾರಿಕೆಯ ಪ್ರಶ್ನೋತ್ತರ. ಸಭೆಯಲ್ಲಿ ಒಬ್ಬರು ಎದ್ದು ನಿಂತು, ನನ್ನ ಬಟಾಣಿ ಬಳ್ಳಿ ಯಾಕೆ ಮೇಲೇರುತ್ತಿಲ್ಲ ಎಂದು, ಮಗನ ಮದುವೆ ಆಗುತ್ತಿಲ್ಲ ಎಂಬಷ್ಟು ಸಂಕಟದಿಂದ ಕೇಳುತ್ತಾರೆ. ತಜ್ಞರು ಮೂರು ಜನ, ಉತ್ತರ ನಾಲ್ಕು.

ಇವರೆಲ್ಲರಿಗೂ ನಾನು ಹೂಂಗುಟ್ಟುತ್ತಿದ್ದೆ. ನಮ್ಮ ಕಡೆ ಕಥೆ ಹೇಳುವವರ ಎದುರು ಕೂತವರು ಹೂಂ ಹೂಂ ಅನ್ನುತ್ತಿರಬೇಕು, ಇಲ್ಲದಿದ್ದರೆ ಹೇಳುವವರು ಎದ್ದು ಹೋಗುತ್ತಾರೆ. ಇಂಗ್ಲಿಷರಿಗೆ ಮರ್ಯಾದೆ ಕಡಿಮೆಯಾಗಬಾರದೆಂದು ನಾನು ದಿನಕ್ಕೆ ಇನ್ನೂರು ಮುನ್ನೂರು ಹೂಂಗಳನ್ನು ಖರ್ಚು ಮಾಡುತ್ತಿದ್ದೆ. ಆ ರೇಡಿಯೋಗೆ ಒಂದಾದರೂ ಕೇಳಿಸಿತೋ ಇಲ್ಲವೋ ದೇವರಿಗೇ ಗೊತ್ತು.

ಹೂಂ ಎಂದ ಕೂಡಲೇ ಲೆನಾರ್ಟನ ನೆನಪಾಗುತ್ತದೆ. ಲೆನಾರ್ಟ್ ನಮ್ಮ ಪಕ್ಕದ ಮನೆಯವನು, ಎಪ್ಪತ್ತು ದಾಟಿದವನು, ರೈಲಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈ ಉತ್ತರ ಸ್ವೀಡನ್ನಿನ ಜನ ಹೌದು ಎನ್ನಲು ಬಾಯಿಯಲ್ಲಿ ಮಾತಾಡುವುದಿಲ್ಲ. ತುಟಿ ಚೂಪು ಮಾಡಿ, ಗಾಳಿಯನ್ನು ಒಳಕ್ಕೆ ಎಳೆದು "ಶುಪ್" ಅನ್ನುತ್ತಾರೆ. ಅಷ್ಟೇ, ಹೌದು ಮುಗಿಯಿತು. ನಮ್ಮ ಹೂಂ ಉಸಿರು ಹೊರಗೆ ಬಿಡುತ್ತಾ ಬಂದರೆ ಇವರದು ಒಳಗೆ ಹೋಗುತ್ತದೆ. ನನಗೆ ಮೊದಲ ಚಳಿಗಾಲದಲ್ಲಿ ಇದು ಗೊತ್ತಿರಲಿಲ್ಲ. ಲೆನಾರ್ಟ್ ಮೆಟ್ಟಿಲ ಬಳಿ ಹಿಮ ಎತ್ತಿ ಹಾಕುತ್ತಿದ್ದ. ನಾನು ಇಂಗ್ಲಿಷಿನಲ್ಲಿ "ಬಹಳ ಚಳಿ, ಅಲ್ಲವೇ?" ಎಂದೆ. ಶುಪ್. "ರಾತ್ರಿ ಹಿಮ ಜಾಸ್ತಿ ಬಿತ್ತು." ಶುಪ್. "ನೀವು ಒಬ್ಬರೇ ಇರುತ್ತೀರಾ?" ಶುಪ್. ಪಾಪ, ಮುದುಕನಿಗೆ ಉಬ್ಬಸ, ಉಸಿರು ಸಿಗುತ್ತಿಲ್ಲ, ಆದರೂ ಹಿಮ ಎತ್ತುತ್ತಿದ್ದಾನೆ!

ಓಡಿ ಹೋಗಿ ಅಜವಾನ, ಶುಂಠಿ, ಮೆಣಸು ಕುಟ್ಟಿ, ಬೆಲ್ಲ ಹಾಕಿ ಕಷಾಯ ಕಾಯಿಸಿ ತಂದು ಕೊಟ್ಟೆ. ಲೆನಾರ್ಟ್ ಲೋಟವನ್ನು ನೋಡಿದ, ನನ್ನನ್ನು ನೋಡಿದ, ಒಂದೇ ಗುಟುಕಿಗೆ ಕುಡಿದ. ಅವನ ಕಣ್ಣಲ್ಲಿ ನೀರು ಬಂತು. "ಹಗುರಾಯಿತೇ?" ಎಂದೆ. ಶುಪ್, ಈ ಸಲ ಇನ್ನೂ ಜೋರಾಗಿ. ನಾನು ಇನ್ನೊಂದು ಲೋಟ ತಂದೆ. ಸಂಜೆ ಶಾಲೆಯಿಂದ ಬಂದ ಅನನ್ಯಾ ವಿಷಯ ಕೇಳಿ, ಸ್ವೀಡಿಷಿನಲ್ಲಿ ಏನೋ ಕಿರುಚಿ, ಕೋಣೆಯ ಬಾಗಿಲು ಹಾಕಿಕೊಂಡಳು. ಅಪ್ಪ ಮಾನ ಕಳೆದ ಎಂಬುದು ಅದರ ಸಾರಾಂಶ ಎಂದು ಶೈಲಾ ಆಮೇಲೆ ಅನುವಾದ ಮಾಡಿದಳು.

ಅಂದಿನಿಂದ ನಾನು ಲೆನಾರ್ಟನಿಗೆ ಸಿಕ್ಕಾಗಲೆಲ್ಲ ಮಾತಾಡುತ್ತಲೇ ಇದ್ದೆ. ತಪ್ಪಿಗೆ ಪರಿಹಾರ ಎಂದಿಟ್ಟುಕೊಳ್ಳಿ. ಆ ದಿನದ ರೇಡಿಯೋದಲ್ಲಿ ಏನು ಕೇಳಿದೆನೋ ಅದೆಲ್ಲವನ್ನೂ ಕಸದ ಡಬ್ಬಿಯ ಹತ್ತಿರ, ಬಸ್ ನಿಲ್ದಾಣದಲ್ಲಿ, ಮೆಟ್ಟಿಲಲ್ಲಿ ಅವನಿಗೆ ವರದಿ ಒಪ್ಪಿಸುತ್ತಿದ್ದೆ. ಪಾಚಿ, ಬೀಗ, ಕುರಿಯ ಗೊರಸು ಎಲ್ಲ. ಅವನು ಕೈ ಜೇಬಿನಲ್ಲಿಟ್ಟು ನಿಂತು, ಮುಗಿಯುವವರೆಗೂ ಕೇಳಿ, ಶುಪ್ ಎಂದು ಒಳಗೆ ಹೋಗುತ್ತಿದ್ದ. ಮೂರು ವರ್ಷದಲ್ಲಿ ಅವನ ಬಾಯಿಂದ ಇನ್ನೊಂದು ಶಬ್ದ ಬರಲಿಲ್ಲ. ಏನು ಜನವಪ್ಪಾ, ಇಷ್ಟು ಮಾತಾಡಿಸಿದರೂ ಮಾತಾಡುವುದಿಲ್ಲವಲ್ಲ ಎಂದು ನನಗೆ ಬೇಸರ.

ಹೀಗಿರುವಾಗ ಗ್ರಂಥಾಲಯದ ಗೋಡೆಯ ಮೇಲೆ ಒಂದು ಚೀಟಿ ಕಂಡಿತು. ಊರಿನ ವಯಸ್ಕರ ಕಲಿಕಾ ಕೇಂದ್ರವೊಂದಕ್ಕೆ, ಹಿರಿಯರ ಇಂಗ್ಲಿಷ್ ಮಾತುಕತೆಯ ತರಗತಿ ನಡೆಸುವವರು ಬೇಕಾಗಿದ್ದಾರೆ, ವಾರಕ್ಕೆ ಒಂದು ದಿನ. ಒಂದೇ ದಿನವಾದರೇನು, ತರಗತಿ ತರಗತಿಯೇ. ನಾನು ಅಲ್ಲೇ ನಿಂತು ಚೀಟಿಯನ್ನು ನಾಲ್ಕು ಸಲ ಓದಿದೆ. ಅರ್ಜಿ ಹಾಕಿದ ಮೇಲೆ ಎರಡು ವಾರ ರೇಡಿಯೋ ಏನು ಹೇಳಿತೋ ನನಗೆ ನೆನಪಿಲ್ಲ.

ಮಾರ್ಚ್ ತಿಂಗಳ ಒಂದು ಸೋಮವಾರ ಫೋನು ಬಂತು. ಗುನಿಲ್ಲಾ ಎಂಬಾಕೆ, ಆ ಕೇಂದ್ರದ ಮುಖ್ಯಸ್ಥೆ. ನಾನು ಸ್ವೀಡಿಷಿನಲ್ಲಿ ತಡವರಿಸಿದೆ, ಆಕೆ ಕರುಣೆಯಿಂದ ಇಂಗ್ಲಿಷಿಗೆ ಬಂದಳು. ನಾಳೆ ಸಂದರ್ಶನಕ್ಕೆ ಬರಬಹುದೇ? ಅಲ್ಲೇ ಗುಂಪನ್ನೂ ಭೇಟಿಯಾಗಬಹುದು. ಎಷ್ಟು ಹೊತ್ತಿಗೆ ಎಂದೆ. "ಹಾಫ್ ಟೂ" ಎಂದಳು.

ಇಲ್ಲೇ ನೋಡಿ ನನ್ನ ಜಂಬ ಕೆಲಸ ಕೆಡಿಸಿದ್ದು. ಗದಗಿನಲ್ಲಿದ್ದ ಹಳೆಯ ನಾನಾಗಿದ್ದರೆ "ಹಾಫ್ ಟೂ ಅಂದ್ರ ಏನ್ರಿ?" ಎಂದು ಕೇಳಿಬಿಡುತ್ತಿದ್ದೆ. ನಾವು ಶಾಲೆಯಲ್ಲಿ ಕಲಿತದ್ದು ಹಾಫ್ ಪಾಸ್ಟ್ ಟೂ. ಆದರೆ ನಾನು ಈಗ ಮೂರು ವರ್ಷದ ರೇಡಿಯೋ ಪಂಡಿತ. ಇಂಗ್ಲಿಷರು ಸಲೀಸಾಗಿ ಮಾತಾಡುವಾಗ ನಡುವಿನ ಪಾಸ್ಟ್ ನುಂಗಿ ಹಾಫ್ ಟೂ ಅನ್ನುತ್ತಾರೆ, ಅಂದರೆ ಎರಡೂವರೆ, ಎಂಬುದು ನನಗೆ ಅಂಗೈ ಗೆರೆಯಷ್ಟು ಗೊತ್ತು. ಆಹಾ, ಈ ಹೆಂಗಸು ಎಂಥ ಅಚ್ಚ ಇಂಗ್ಲಿಷ್ ಮಾತಾಡುತ್ತಾಳಪ್ಪ ಎಂದು ಮೆಚ್ಚಿ, ನಾನೂ ಅದೇ ಠೀವಿಯಲ್ಲಿ "ಹಾಫ್ ಟೂ! ಲವ್ಲಿ!" ಎಂದು ಫೋನಿಟ್ಟೆ.

ಸಂಜೆ ಶೈಲಾ ಎರಡು ಉಪದೇಶ ಮಾಡಿದಳು. "ಫೋನ್ ಸೈಲೆಂಟ್‌ಗೆ ಹಾಕ್ಕೊಳಿ. ಆಮೇಲೆ ಕೊನೇಲಿ ಅವ್ರು ಎನಿ ಕ್ವೆಶ್ಚನ್ಸ್ ಅಂದ್ರೆ ಸುಮ್ನೆ ಬರ್ಬೇಡಿ, ನೀವೂ ಏನಾದ್ರೂ ಕೇಳಿ. ಒಳ್ಳೇ ಇಂಪ್ರೆಶನ್ ಬರತ್ತೆ." ನಾನು ಅತಿ ವಿಧೇಯನಾಗಿ ಬೆಳಿಗ್ಗೆಯೇ ಫೋನಿನ ಬಾಯಿ ಕಟ್ಟಿ, ಕೋಟಿನ ಜೇಬಿನಲ್ಲಿಟ್ಟೆ. ಮಧ್ಯಾಹ್ನ ಒಂದೂವರೆಗೆ ನಾನು ಅಡುಗೆಮನೆಯಲ್ಲಿ ಅಂಗಿಗೆ ಇಸ್ತ್ರಿ ಮಾಡುತ್ತಿದ್ದೆ. ರೇಡಿಯೋದಲ್ಲಿ ಯಾರೋ ಒಬ್ಬರು ನೀರಿನ ಗಡಿಯಾರಗಳ ಬಗ್ಗೆ ಹೇಳುತ್ತಿದ್ದರು: ಹಿಂದಿನವರು ತೊಟ್ಟಿಕ್ಕುವ ಹನಿಯಲ್ಲಿ ಹೇಗೆ ಹೊತ್ತು ಅಳೆಯುತ್ತಿದ್ದರು, ಎಷ್ಟು ಸಲೀಸಾಗಿ ತಪ್ಪುತ್ತಿದ್ದರು ಇತ್ಯಾದಿ. ನಾನು ಹೂಂ ಹೂಂ ಎನ್ನುತ್ತಾ, ಹಿಂದಿನವರ ದಡ್ಡತನಕ್ಕೆ ನಗುತ್ತಾ, ಕಾಲರು ತೀಡುತ್ತಿದ್ದೆ.

ಎರಡು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಕೇಂದ್ರ ತಲುಪಿದೆ. ಐದು ನಿಮಿಷ ಮೊದಲು! ಸ್ವೀಡನ್ನಿನವರು ಮೆಚ್ಚಲೇಬೇಕು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಒಂದು ಬಾಗಿಲು ತೆರೆದಿತ್ತು. ಒಳಗೆ ಉದ್ದನೆಯ ಮೇಜು, ಅದರ ಸುತ್ತ ಆರು ಜನ ಹಿರಿಯರು. ಪ್ರತಿಯೊಬ್ಬರ ಮುಂದೆ ಒಂದು ಪುಸ್ತಕ, ಒಂದು ಪೆನ್ನು, ನಡುವೆ ಕಾಫಿ ಫ್ಲಾಸ್ಕು. ಆರೂ ಜನ ನನ್ನನ್ನೇ ನೋಡಿದರು.

ಯಪ್ಪಾ, ವಾರಕ್ಕೊಂದು ತರಗತಿಗೆ ಆರು ಜನರ ಸಮಿತಿ! ಗುಂಪು ಎಂದರೆ ಇದೇ ಗುಂಪು. ಇಲ್ಲಿ ನಿವೃತ್ತರಾದವರೆಲ್ಲ ಯಾವುದಾದರೂ ಒಂದು ಸಮಿತಿಯಲ್ಲಿ ಇದ್ದೇ ಇರುತ್ತಾರೆ ಎಂದು ಕೇಳಿದ್ದೆ. ಕಣ್ಣು ಹೊಂದಿಕೊಂಡ ಮೇಲೆ ನೋಡುತ್ತೇನೆ, ಮೂಲೆಯಲ್ಲಿ ಲೆನಾರ್ಟ್! ಮುಗಿಯಿತು ಕಥೆ. ಇವನಿಗೆ ನಾನು ಎರಡು ಲೋಟ ಅಜವಾನದ ಕಷಾಯ ಕುಡಿಸಿದ್ದೇನೆ.

ಕೈ ಮುಗಿದು ಕೂತೆ. ನನ್ನ ಹೆಸರು ಹೇಳಿದೆ, ಊರು ಹೇಳಿದೆ, ಹದಿನೆಂಟು ವರ್ಷ ಹೇಳಿದೆ. ಶುಪ್, ಎಂದರು ಇಬ್ಬರು. ಆಮೇಲೆ ಮೌನ. ರೇಡಿಯೋದಲ್ಲಿ ಮೂರು ಸೆಕೆಂಡು ಸದ್ದಿಲ್ಲದಿದ್ದರೆ ಯಂತ್ರ ಕೆಟ್ಟಿದೆ ಎಂದು ನಾನು ತಟ್ಟುತ್ತೇನೆ. ಇಲ್ಲಿ ಒಂದು ನಿಮಿಷ ಕಳೆಯಿತು, ತಟ್ಟುವುದಾದರೂ ಯಾರನ್ನು? ಗೋಡೆ ಗಡಿಯಾರದ ಮುಳ್ಳು ಸದ್ದು ಮಾಡುತ್ತಿತ್ತು. ಕೊನೆಗೆ ನಾನೇ ಬೆವರುತ್ತಾ, "ದಯವಿಟ್ಟು ಕೇಳಿ. ಏನು ಬೇಕಾದರೂ ಕೇಳಿ. ಯಾವ ಪ್ರಶ್ನೆಯೂ ಸಣ್ಣದಲ್ಲ. ನಾನು ಉತ್ತರ ಕೊಡಲೆಂದೇ ಬಂದಿದ್ದೇನೆ" ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೈ-ಬ್ರಿತ್ ಎಂಬ ಅಜ್ಜಿ, ಕೆಂಪು ಸ್ವೆಟರಿನವಳು, ಒಂದೊಂದೇ ಶಬ್ದವನ್ನು ಡಬ್ಬಿಯಿಂದ ತೆಗೆದಿಟ್ಟ ಹಾಗೆ, "ನಿಮಗೆ... ಇಲ್ಲಿ... ಚಳಿ... ಆಗುತ್ತದೆಯೇ?" ಎಂದಳು. ಎಂಥ ಜಾಣ ಪ್ರಶ್ನೆ! ಅಭ್ಯರ್ಥಿಗೆ ತಾಳ್ಮೆ ಇದೆಯೋ ಇಲ್ಲವೋ ಎಂದು ನೋಡಲು ಬೇಕೆಂದೇ ನಿಧಾನವಾಗಿ ಕೇಳುತ್ತಿದ್ದಾಳೆ. ನಾನೂ ಅಷ್ಟೇ ನಿಧಾನವಾಗಿ, ಬಿಡಿಸಿ ಬಿಡಿಸಿ, ಗದಗಿನ ಬಿಸಿಲು ಎಂಥದ್ದು, ಲುಲೆಯೊದಲ್ಲಿ ನನ್ನ ಮೂಗು ಮೊದಲ ಸಲ ಹೆಪ್ಪುಗಟ್ಟಿದಾಗ ಏನಾಯಿತು ಎಂದು ಹೇಳಿದೆ. ಅವರು ನಕ್ಕರು. ಇನ್ನೊಬ್ಬರು ಏನು ಅಡುಗೆ ಮಾಡುತ್ತೀರಿ ಎಂದರು. ಮತ್ತೊಬ್ಬರು ಗದಗಿನಲ್ಲಿ ಗಂಟೆ ಹೇಗೆ ಹೇಳುತ್ತೀರಿ ಎಂದರು. ಅದಕ್ಕೆ ನಾನು ಮೈಮರೆತು ಉಪನ್ಯಾಸವನ್ನೇ ಕೊಟ್ಟೆ. ನಮ್ಮ ಕಡೆ ಒಂದೂಮುಕ್ಕಾಲು ಅನ್ನುವುದಿಲ್ಲ, ಪೌಣೆ ಎರಡು ಅನ್ನುತ್ತೇವೆ. ಅಂದರೆ ಎರಡಕ್ಕೆ ಕಾಲು ಕಡಿಮೆ. ಗಂಟೆ ಇನ್ನೂ ಆಗಿಲ್ಲ, ಆದರೆ ಮನಸ್ಸು ಆಗಲೇ ಎರಡರಲ್ಲಿ ಹೋಗಿ ಕೂತಿದೆ.

"ಓ!" ಎಂದಳು ಮೈ-ಬ್ರಿತ್, ಕಣ್ಣರಳಿಸಿ. "ನಮ್ಮದೂ ಹಾಗೇ! ಒಂದೂವರೆಗೆ ನಾವು ಹಲ್ವ್ ತ್ವೋ ಅನ್ನುತ್ತೇವೆ. ಎರಡಕ್ಕೆ ಅರ್ಧ. ಹಾಫ್ ಟೂ."

ಹಾಫ್ ಟೂ.

ಹಲ್ವ್ ತ್ವೋ ನನಗೆ ಗೊತ್ತಿರಲಿಲ್ಲವೇ? ಮೂರು ವರ್ಷದಿಂದ ಬಸ್ಸಿನಲ್ಲಿ, ಅಂಗಡಿಯಲ್ಲಿ ಕೇಳಿದ್ದೇನೆ. ಆದರೆ ಗುನಿಲ್ಲಾ ಅದನ್ನೇ ಇಂಗ್ಲಿಷಿನ ಅಂಗಿ ತೊಡಿಸಿ ಕಳಿಸಿದಾಗ ನಾನು ಇಂಗ್ಲಿಷಿನದೆಂದೇ ಬರಮಾಡಿಕೊಂಡಿದ್ದೆ. ಮೆಲ್ಲಗೆ ಜೇಬಿನಿಂದ ಫೋನು ತೆಗೆದು ನೋಡಿದರೆ ಮೂರು ಕರೆ. ಒಂದು ಗಂಟೆ ಮೂವತ್ತೈದಕ್ಕೆ, ಪೌಣೆ ಎರಡಕ್ಕೆ, ಎರಡಕ್ಕೆ. ಮೂರೂ ಗುನಿಲ್ಲಾಳದು.

"ಅಯ್ಯ ನನ ಶಿವನ, ಏನ್ ಮಾಡೂದೀಗ!" ಎಂದುಬಿಟ್ಟೆ. ನನ್ನ ಗದಗು ಹೊರಬರುವುದು ಇಂಥ ಹೊತ್ತಿನಲ್ಲೇ. ಉಳಿದ ಹೊತ್ತು ಶೈಲಾಳ ಬೆಂಗಳೂರು ಕನ್ನಡದ ಜೊತೆ ಇದ್ದೂ ಇದ್ದೂ ತಗ್ಗಿ ಬಗ್ಗಿ ನಡೆಯುತ್ತದೆ. ಆರು ಜನರಲ್ಲಿ ನಾಲ್ವರು ಪೆನ್ನು ತೆಗೆದು ಅದನ್ನು ಬರೆದುಕೊಂಡರು. ಸಮಿತಿ ಯಾಕೆ ಬರೆದುಕೊಳ್ಳುತ್ತಿದೆ ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒಂದು ತಾಸು ತಡ! ಈ ದೇಶದಲ್ಲಿ ಐದು ನಿಮಿಷ ತಡವಾದವನ ಜೊತೆ ಹೆಣ್ಣು ಕೊಟ್ಟ ಮಾವನೂ ಮಾತಾಡಲಿಕ್ಕಿಲ್ಲ. ಕೆಲಸ ಹೋಯಿತು, ಗ್ರಂಥಾಲಯದ ಚೀಟಿಯನ್ನು ನಾಲ್ಕು ಸಲ ಓದಿಸಿದ ಆಸೆಯೂ ಹೋಯಿತು. ಇನ್ನು ಉಳಿದದ್ದು ಶೈಲಾಳ ಎರಡನೆಯ ಉಪದೇಶ ಒಂದೇ. ಎದ್ದು ಹೋಗುವ ಮೊದಲು ಅದನ್ನಾದರೂ ಪಾಲಿಸೋಣ ಎಂದು, "ಕೊನೆಗೆ ನನ್ನದೊಂದು ಪ್ರಶ್ನೆ. ಈ ಊರಿನ ಹಿರಿಯರಿಗೆ ಇಂಗ್ಲಿಷ್ ಯಾಕೆ ಬೇಕು?" ಎಂದೆ.

ಮೈ-ಬ್ರಿತ್ ಹೇಳಿದಳು: ಮೊಮ್ಮಕ್ಕಳು ಆಸ್ಟ್ರೇಲಿಯಾದಲ್ಲಿ ಹುಟ್ಟಿದವರು, ಅವಳ ಭಾಷೆ ಅವಕ್ಕೆ ಬರುವುದಿಲ್ಲ. ಅವಳ ಪಕ್ಕದವರು ಪ್ರವಾಸ ಎಂದರು. ಇದೇನಿದು, ಸಮಿತಿಯವರು ತಮ್ಮ ಕಥೆಯನ್ನೇ ಹೇಳುತ್ತಿದ್ದಾರಲ್ಲ ಎಂದು ನನಗೆ ಆಗ ಸಣ್ಣಗೆ ಅನುಮಾನ ಮೂಡಿತು. ಸರದಿ ಮೂಲೆಗೆ ಬಂತು. ಲೆನಾರ್ಟ್ ಕೆಮ್ಮಿದ. ಪುಸ್ತಕ ತೆರೆದು, ಮೊದಲೇ ಬರೆದಿಟ್ಟುಕೊಂಡಿದ್ದನೋ ಏನೋ, ಬೆರಳಿಟ್ಟು ಓದಿದ.

"ನನ್ನ ಪಕ್ಕದ ಮನೆಯವನು ಇಂಗ್ಲಿಷಿನಲ್ಲಿ ಬಹಳ ಮಾತಾಡುತ್ತಾನೆ. ಮೂರು ವರ್ಷ. ನಾನು ಒಂದು ಸಲ ಉತ್ತರ ಕೊಡಬೇಕು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಲೆನಾರ್ಟ್ ಇನ್ನೂ ಮುಗಿಸಿರಲಿಲ್ಲ. ಪುಟ ತಿರುಗಿಸಿ, ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತಾ ಕೇಳಿದ: "ಆ ಚಹಾದಲ್ಲಿ ಏನಿತ್ತು?"

ಬಾಗಿಲ ಬಳಿ ಯಾರೋ ಕೆಮ್ಮಿದರು. ಗುನಿಲ್ಲಾ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಹೊರಗೆ ಕರೆದಳು. ನಾನು ತಲೆ ತಗ್ಗಿಸಿ ಹೋದೆ. ಆಕೆ ಬಹಳ ಸಮಾಧಾನದಿಂದ ಹೇಳಿದ್ದು ಇಷ್ಟು: ಸಂದರ್ಶನ ಒಂದೂವರೆಗೆ ಇತ್ತು, ನಿಮಗಾಗಿ ಕಾದೆ, ಫೋನು ಮಾಡಿದೆ. ತರಗತಿ ಎರಡೂವರೆಗೆ. ಇವತ್ತು ನಾನೇ ನಡೆಸೋಣವೆಂದು ಬಂದರೆ ನೀವು ಆಗಲೇ ಶುರು ಮಾಡಿಬಿಟ್ಟಿದ್ದೀರಿ. ಸಂದರ್ಶನಕ್ಕೆ ಬಾರದೆ ನೇರ ತರಗತಿಗೆ ನುಗ್ಗಿದವರನ್ನು ನಾನು ಈವರೆಗೆ ನೋಡಿರಲಿಲ್ಲ.

ನಾನು ನಿಜ ಹೇಳಬೇಕಿತ್ತು. ಆದರೆ ಮೂರು ವರ್ಷ ಬ್ರಿಟಿಷ್ ಮಂತ್ರಿಗಳನ್ನು ಕೇಳಿ ಬೆಳೆದ ನಾಲಿಗೆ, ಸುಮ್ಮನಿರುತ್ತದೆಯೇ? "ತಮ್ಮ ಬಗ್ಗೆ ಪೂರ್ಣ ಗೌರವವಿಟ್ಟುಕೊಂಡು ಹೇಳುತ್ತೇನೆ, ನಾನು ಬಂದಾಗ ಬ್ರಿಟನ್ನಿನಲ್ಲಿ ಇನ್ನೂ ಒಂದೂವರೆ ಆಗಿರಲಿಲ್ಲ. ಇಂಗ್ಲಿಷ್ ತರಗತಿಯಲ್ಲವೇ?" ಎಂದೆ.

ಗುನಿಲ್ಲಾ ನನ್ನನ್ನು ದಿಟ್ಟಿಸಿದಳು. ಗೋಡೆಯ ಗಡಿಯಾರ ನೋಡಿದಳು. ಬೆರಳಲ್ಲಿ ಲೆಕ್ಕ ಹಾಕಿದಳು. ಆಮೇಲೆ ಭುಜ ಕುಣಿಯುವ ಹಾಗೆ ನಕ್ಕು, ತರಗತಿಯ ಕಡೆ ಕೈ ತೋರಿಸಿದಳು. "ಹೋದ ವರ್ಷವಿಡೀ ಇವರಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಹಿಂದೆ ಕಲಿಸುತ್ತಿದ್ದವರು ಬಹಳ ಚೆನ್ನಾಗಿ ಮಾತಾಡುತ್ತಿದ್ದರು, ಇವರು ಕೇಳಿಸಿಕೊಳ್ಳುತ್ತಿದ್ದರು. ನೀವು ಪ್ರಶ್ನೆ ಕೇಳುವುದನ್ನು ಇವರಿಗೇ ಬಿಟ್ಟಿರಿ. ಎಲ್ಲಿ ಕಲಿತಿರಿ ಇದನ್ನು?"

ಎಲ್ಲಿ ಕಲಿತೆ! ಸಂದರ್ಶನ ಎಂದುಕೊಂಡು ಹೆದರಿದ್ದರಿಂದ ಕಲಿತೆ ಎನ್ನಲಾದೀತೇ? ತರಗತಿ ಎಂದು ಗೊತ್ತಿದ್ದರೆ ನಾನೂ ಪಾಚಿಯ ಚರಿತ್ರೆಯಿಂದಲೇ ಆರಂಭಿಸುತ್ತಿದ್ದೆ. ಸುಮ್ಮನೆ ತುಟಿ ಚೂಪು ಮಾಡಿ, ಗಾಳಿ ಒಳಗೆಳೆದು ಶುಪ್ ಎಂದೆ. ಆಕೆ ಒಂದು ಕಾಗದ ಕೊಟ್ಟಳು. ಪ್ರತಿ ಮಂಗಳವಾರ, ಸಮಯ ಅಂಕಿಯಲ್ಲಿ, 14.30 ಎಂದು. ಇನ್ನು ಮುಂದೆ ನಮ್ಮಿಬ್ಬರ ನಡುವೆ ಅಂಕಿಯೇ ಇರಲಿ ಎಂದಳು. ಕಾರಿಡಾರಿನಲ್ಲೇ ಶೈಲಾಳಿಗೆ ಫೋನು ಮಾಡಿದೆ. ಎಲ್ಲ ಕೇಳಿ, ಐದು ನಿಮಿಷ ನಕ್ಕು, ಆಮೇಲೆ ದನಿ ಮೆತ್ತಗೆ ಮಾಡಿ, "ಬನ್ನಿ ಸರ್ರ, ಇವತ್ತು ಸಾರು ನಾನು ಮಾಡ್ತೀನಿ" ಎಂದಳು. ಬೆಂಗಳೂರಿನವಳ ಬಾಯಲ್ಲಿ ಸರ್ರ! ನನಗೆ ಸ್ವಲ್ಪ ಹೊತ್ತು ಕಣ್ಣು ಒರೆಸಿಕೊಳ್ಳುವ ಕೆಲಸವಾಯಿತು. ಚಳಿಗೆ, ಮತ್ತೇನಿಲ್ಲ.

ಮನೆಗೆ ನಾನು ಮತ್ತು ಲೆನಾರ್ಟ್ ಹೆಪ್ಪುಗಟ್ಟಿದ ಸಮುದ್ರದ ಮೇಲಿನ ದಾರಿಯಲ್ಲಿ ನಡೆದೇ ಹೋದೆವು. ಬಾಯಿಗೆ ಬಂದ ನೀರಿನ ಗಡಿಯಾರವನ್ನು ನಾಲ್ಕು ಸಲ ನುಂಗಿಕೊಂಡೆ. ಈ ದೇಶದವರು ಮಾತಾಡುವುದಿಲ್ಲ ಎಂದು ಮೂರು ವರ್ಷ ದೂರಿದ್ದೆನಲ್ಲ, ಪಾಪ, ಈ ಮನುಷ್ಯನಿಗೆ ನಾನೇ ರೇಡಿಯೋ ಆಗಿದ್ದೆ. ಅವನ ಶುಪ್‌ಗಳೂ ನನ್ನ ಹೂಂಗಳೂ ಒಂದೇ ಜಾತಿಯವು: ತಿರುಗಿ ಪ್ರಶ್ನೆ ಕೇಳಲು ಬಾರದ ಕಡೆ ಮರ್ಯಾದೆಗೆ ಕೊಟ್ಟವು. ನಡೆಯುತ್ತಾ ನಡೆಯುತ್ತಾ ಅಜವಾನ, ಶುಂಠಿ, ಮೆಣಸು ಎಂದು ಒಂದೊಂದೇ ಹೇಳಿದೆ. ಅವನು ಒಂದೊಂದನ್ನೂ ತಿರುಗಿ ಹೇಳಿದ. ಅಷ್ಟೇ ನಮ್ಮ ಮಾತು, ಒಂದು ಮೈಲಿ ದಾರಿಗೆ.

ಅವನ ಬಾಗಿಲಲ್ಲಿ ನಿಂತ. "ನಾಳೆ. ಕಾಫಿ. ನನ್ನ ಮನೆ. ಹಾಫ್ ತ್ರೀ" ಎಂದ.

ನಾನು ಈ ಊರಿಗೆ ಬಂದ ಮೇಲೆ ಮೊದಲ ಸಲ ಜಂಬ ಬದಿಗಿಟ್ಟು ತಿರುಗಿ ಕೇಳಿದೆ: "ಯಾವ ಹಾಫು? ನಿಮ್ಮದೋ, ಇಂಗ್ಲಿಷರದೋ?"

ಲೆನಾರ್ಟ್ ಯೋಚಿಸಿದ. "ಶುಪ್" ಎಂದು ಒಳಗೆ ಹೋದ.

ಆದ್ದರಿಂದ ಮರುದಿನ ಎರಡೂವರೆಗೇ ಹೋಗಿ ಮೂರೂವರೆಯವರೆಗೂ ಕೂತೆ. ರೈಲಿನ ಕಥೆಗಳು ಅವನಲ್ಲಿ ಬೇಕಾದಷ್ಟಿದ್ದವು, ಶಬ್ದಗಳು ಕಡಿಮೆ ಇದ್ದವು. ಒಂದು ತಾಸೂ ಅವನೇ ಹೇಳಿದ. ನಾನು ಹೂಂ ಎಂದೆ.